ನೀಲಿ ಡಬ್ಬಿಯ ಎಂಬತ್ತೆರಡು ಮಂದಿ

ಕೂಲಿಗಳ ಸಾಲುಮನೆಗಳಲ್ಲಿ ಮೇಲಿನ ಲೈನಿನಲ್ಲಿ ಎಂಬತ್ತೆರಡು ಮಂದಿ ಸಲೀಸಾಗಿ ಸಿಕ್ಕಿದರು. ಕೆಳಗಿನ ಲೈನಿನಲ್ಲಿ ಹತ್ತೊಂಬತ್ತು ಕಡಿಮೆ ಬಿದ್ದರು.

ಕಾಂಪೌಂಡರ್ ಪುಟ್ಟರಾಜು ಬೆರಳು ಮಡಚಿ ಎಣಿಸಿದ, ಗೆರೆ ಎಳೆದು ಎಣಿಸಿದ. ಹೇಗೆ ಎಣಿಸಿದರೂ ಅರವತ್ತಮೂರಕ್ಕೆ ಬಂದು ನಿಲ್ಲುತ್ತಿತ್ತು, ಮೊಂಡು ಎತ್ತು ಹೊಳೆ ದಂಡೆಯಲ್ಲಿ ನಿಂತ ಹಾಗೆ.

ಕೊಡಗು ತನ್ನದೇ ಒಂದು ರಾಜ್ಯವಾಗಿ, ಮಡಿಕೇರಿಯಲ್ಲೇ ಮಂತ್ರಿಗಳು ಕೂತು ಆಳುತ್ತಿದ್ದ ಕಾಲ. ಪಾಲಿಬೆಟ್ಟದಿಂದ ನಾಲ್ಕು ಮೈಲಿ ಒಳಗಿದ್ದ ಕರಡಿಗುಂಡಿ ಎಸ್ಟೇಟಿಗೆ ಪುಟ್ಟರಾಜು ಬಂದು ಇನ್ನೂ ತಿಂಗಳಾಗಿರಲಿಲ್ಲ. ಅವನದು ಶಿರಂಗಾಲ, ತಾತನ ಕಾಲಕ್ಕೆ ಹಾಸನದ ಕಡೆಯಿಂದ ಬಂದು ಹೊಳೆಯಂಚಿನಲ್ಲಿ ರಾಗಿ, ಹೊಗೆಸೊಪ್ಪು ಬೆಳೆದುಕೊಂಡ ಮನೆತನ. ಕಾಫಿ ಗಿಡಗಳ ನಡುವೆ ಅವನಿಗೆ ದಿಕ್ಕೇ ತಿಳಿಯುತ್ತಿರಲಿಲ್ಲ. ಲೈನಿನವರ ಮುಖಗಳೂ ಅಷ್ಟೇ, ಒಂದೂ ಗುರುತಾಗಿರಲಿಲ್ಲ. ಆದರೆ ಡಾಕ್ಟರ್ ಮಂಜುನಾಥ ಹೇಳಿದ ಸಂಖ್ಯೆ ಮಾತ್ರ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತ್ತು. ಒಂದು ಕಡೆಗೆ ಎಂಬತ್ತೆರಡು, ಎರಡೂ ಕಡೆ ಸೇರಿ ನೂರ ಅರವತ್ತನಾಲ್ಕು. ಒಬ್ಬ ಕಡಿಮೆಯಾದರೂ ಕೆಲಸ ಶುರುವಾಗದು.

ಡಾಕ್ಟರು ಮೈಸೂರಿನವರು. ಯಾವುದೋ ಔಷಧಿ ಕಂಪನಿಯ ಹೊಸ ಗುಳಿಗೆ ತಂದಿದ್ದರು. ಚಳಿಜ್ವರ ಬಂದ ಮೇಲೆ ಇಳಿಸುವ ಗುಳಿಗೆಯಲ್ಲ, ಬರದಂತೆ ತಡೆಯುವ ಗುಳಿಗೆ. ನಿಜವಾಗಿ ತಡೆಯುತ್ತದೋ ಎಂದು ನೋಡಲು ಅರ್ಧ ಜನಕ್ಕೆ ಆ ಗುಳಿಗೆ, ಇನ್ನರ್ಧ ಜನಕ್ಕೆ ಅದೇ ಗಾತ್ರದ, ಅದೇ ಬಿಳುಪಿನ ಸುಣ್ಣದ ಗುಳಿಗೆ. ಒಂದು ಕೆಂಪು ಡಬ್ಬಿ, ಒಂದು ನೀಲಿ ಡಬ್ಬಿ. ಬೆರಕೆಯಾಗಬಾರದೆಂದು ಎಸ್ಟೇಟಿನ ದೊರೆ ಹಟ ಹಿಡಿದಿದ್ದರಿಂದ ಮೇಲಿನ ಲೈನಿಗೆಲ್ಲ ಕೆಂಪು, ಕೆಳಗಿನ ಲೈನಿಗೆಲ್ಲ ನೀಲಿ. ಯಾವ ಡಬ್ಬಿಯಲ್ಲಿ ಯಾವುದು ಎಂದು ಡಾಕ್ಟರು ಬಾಯಿ ಬಿಡಲಿಲ್ಲ.

"ಅನ್ನ ಬೆಂದಿದ್ಯಾ ನೋಡೋಕೆ ಒಂದು ಅಗುಳು ಸಾಲ್ದಾ ಸಾರ್?" ಎಂದು ಪುಟ್ಟರಾಜು ಕೇಳಿದ್ದ. "ಇಷ್ಟು ಜನ ಯಾಕೆ?"

"ಒಂದೇ ಪಾತ್ರೆ, ಒಂದೇ ಉರಿ ಆದ್ರೆ ಅಗುಳು ಸಾಕು," ಎಂದಿದ್ದರು ಡಾಕ್ಟರು. ಒಳ್ಳೆಯ ಮನುಷ್ಯ, ಕೇಳಿದ್ದಕ್ಕೆ ಗದರುತ್ತಿರಲಿಲ್ಲ. "ಮನುಷ್ಯರು ಹಾಗಲ್ಲಪ್ಪ. ಒಬ್ಬನಿಗೆ ಏನೂ ಕೊಡದಿದ್ರೂ ಜ್ವರ ಬರಲ್ಲ, ಇನ್ನೊಬ್ಬನಿಗೆ ಏನು ಕೊಟ್ರೂ ಬರುತ್ತೆ. ಹತ್ತು ಜನರನ್ನ ನೋಡಿದ್ರೆ ಅದೃಷ್ಟ ಎಷ್ಟು, ಗುಳಿಗೆ ಎಷ್ಟು ಅಂತ ಹೇಳೋಕಾಗಲ್ಲ. ಇಲ್ಲಿ ಶ್ರಾವಣ ಕಳೆಯೋದ್ರೊಳಗೆ ನೂರಕ್ಕೆ ನಲವತ್ತು ಮಂದಿಗೆ ಚಳಿಜ್ವರ ಇದ್ದದ್ದೇ. ಗುಳಿಗೆ ಅದನ್ನ ಇಪ್ಪತ್ತಕ್ಕೆ ಇಳಿಸುತ್ತೆ ಅಂತ ನಮ್ಮ ಅಂದಾಜು. ಇಳಿಸಿದ್ದು ಗುಳಿಗೆಯೇ ಅಂತ ಎದೆ ತಟ್ಟಿ ಹೇಳ್ಬೇಕಾದ್ರೆ ಒಂದೊಂದು ಕಡೆ ಎಂಬತ್ತೆರಡು ಜನ. ನಲವತ್ತರಿಂದ ಮೂವತ್ತಕ್ಕೆ ಮಾತ್ರ ಇಳಿಯೋದಾದ್ರೆ ಮುನ್ನೂರೈವತ್ತಕ್ಕೂ ಮೇಲೆ ಬೇಕು. ವ್ಯತ್ಯಾಸ ಸಣ್ಣದಾದಷ್ಟೂ ಜನ ಜಾಸ್ತಿ."

ಪುಟ್ಟರಾಜು ಮನಸ್ಸಿನಲ್ಲೇ ಗುಣಿಸಿದ. "ಹಂಗಾದ್ರೆ ಸುಣ್ಣದ ಗುಳಿಗೆ ಕಡೆ ಮೂವತ್ಮೂರು ಮಂದಿಗೆ ಜ್ವರ ಬರ್ಬೇಕು."

"ಬರಬೇಕು ಅಂತಲ್ಲ. ಬರುತ್ತೆ ಅಂತ ಲೆಕ್ಕ."

"ಯಾರ್ಯಾರಿಗೆ ಸಾರ್?"

ಡಾಕ್ಟರು ನಕ್ಕರು. "ಅದು ಗೊತ್ತಿದ್ರೆ ಲೆಕ್ಕ ಯಾಕೆ ಬೇಕಿತ್ತು?"

ಆ ಮಧ್ಯಾಹ್ನ ಕೆಳಗಿನ ಲೈನಿಗೆ ಇಳಿಯುವಾಗ ಪುಟ್ಟರಾಜುವಿನ ಕಾಲು ಎರಡು ಸಲ ತಡೆಯಿತು. ಹಳ್ಳದ ಪಕ್ಕದ ಉದ್ದನೆಯ ತಗಡಿನ ಕಟ್ಟಡ, ಸಾಲು ಕೋಣೆಗಳು, ಬಾಗಿಲಲ್ಲಿ ಹೇನು ನೋಡುತ್ತ ಕೂತ ಹೆಂಗಸರು, ಕಲ್ಲಾಟ ಆಡುವ ಮಕ್ಕಳು. ನೀಲಿ ಡಬ್ಬಿಯೇ ಸುಣ್ಣದ್ದಾದರೆ, ಇಲ್ಲಿ ಮೂವತ್ಮೂರು ಜ್ವರ ಆಗಲೇ ಬರೆದಾಗಿದೆ. ಹೆಸರಿನ ಜಾಗ ಮಾತ್ರ ಖಾಲಿ. ಸೊಳ್ಳೆಗಿಂತ ಮೊದಲು ಲೆಕ್ಕ ಇಲ್ಲಿಗೆ ಬಂದು, ಬಾಗಿಲು ಬಾಗಿಲಿಗೆ ಇಣುಕಿ ನೋಡಿ, ಒಳಗೆ ಜಾಗ ಮಾಡಿಕೊಂಡು ಕೂತಿದೆ. ಈ ಜನಕ್ಕೆ ಅದು ಗೊತ್ತಿಲ್ಲ. ಗೊತ್ತುಮಾಡಲು ಯಾರೂ ಬಂದಿಲ್ಲ. ಅವರನ್ನು ಕೇಳಿದವರೂ ಇಲ್ಲ. ದೊರೆಯನ್ನು ಕೇಳಿದ್ದರು, ದೊರೆ ಹೂಂ ಅಂದಿದ್ದ, ಅಷ್ಟೇ.

ಕಡಿಮೆ ಬಿದ್ದ ಹತ್ತೊಂಬತ್ತನ್ನು ತುಂಬಿಕೊಟ್ಟಿದ್ದು ಎಸ್ಟೇಟಿನ ರೈಟರ್ ಬೋಜಪ್ಪ. ಲೈನಿನವರ ಹಾಜರಿ ಬರೆಯುವುದು ಅವನ ಕೆಲಸ.

"ಎಂಥ ಮಾರಾಯ, ಹತ್ತೊಂಬತ್ತಕ್ಕೆ ಇಷ್ಟು ಒದ್ದಾಡ್ತೀಯ?" ಎಂದು ಹಾಜರಿ ಪುಸ್ತಕ ತಿರುಗಿಸಿ ಮುಂದಿಟ್ಟ. "ಕೆಳಗಿನ ಲೈನಿನ ಹೆಸರು ಇಲ್ಲಿ ಬೇಕಾದಷ್ಟುಂಟು. ಬರ್ಕೋ."

"ಇವ್ರು ನಾನು ಹೋದಾಗ ಕೋಣೇಲಿ ಇರ್ಲಿಲ್ವಲ್ಲ."

"ಹಗಲು ಹೊತ್ತಲ್ಲಿ ಕೂಲಿ ಕೋಣೇಲಿ ಇದ್ರೆ ದೊರೆ ನನ್ನನ್ನ ಇಡ್ತಾನಾ? ಬೆಳಿಗ್ಗೆ ಕರಿ. ಕರೆದ್ರೆ ಓಗೊಡ್ತಾರೆ."

ಕರೆದರೆ ನಿಜವಾಗಿಯೂ ಓಗೊಟ್ಟರು.

ಡಾಕ್ಟರು ಡಿಸ್ಪೆನ್ಸರಿಯ ಕಿಟಕಿಗೆ ಒಂದು ಗೋಣಿ ಪರದೆ ಕಟ್ಟಿಸಿದ್ದರು. ಮುಖ ನೋಡಿದರೆ ಕನಿಕರ ಹುಟ್ಟುತ್ತದೆ, ಕನಿಕರ ಹುಟ್ಟಿದರೆ ಲೆಕ್ಕ ಕೆಡುತ್ತದೆ ಎಂಬುದು ಅವರ ಮಾತು. ಪುಟ್ಟರಾಜು ಒಳಗೆ ಕೂತು ಹೆಸರು ಕರೆಯಬೇಕು. ಹೊರಗಿನಿಂದ 'ಇದ್ದೀನಿ' ಎಂಬ ದನಿ ಬರಬೇಕು. ಪರದೆಯ ಕೆಳಗೆ ಕೈಯೊಂದು ತೂರಿ ಬರುತ್ತದೆ, ಅಂಗೈಗೆ ಗುಳಿಗೆ. ಸೋಮವಾರವಾದರೆ ಮೊದಲು ಬೆರಳಿನ ತುದಿ ಚುಚ್ಚಿ, ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಹೆಸರಿನ ಚೀಟಿ ಅಂಟಿಸುವುದು. ಮೊದಲ ವಾರವೇ ಎಸ್ಟೇಟಿಗೆಲ್ಲ ಗೊತ್ತಾಗಿ ಹೋಯಿತು: ಪರದೆಯಾಚೆ ಮೇಲಿನ ಲೈನಿನವರು ಕಹಿಗೆ ಥೂ ಥೂ ಎಂದು ಉಗುಳಿಕೊಂಡರು, ಕೆಳಗಿನ ಲೈನಿನವರು ಸುಮ್ಮನೆ ನುಂಗಿದರು. ಡಾಕ್ಟರು ಬಾಯಿ ಬಿಡದಿದ್ದರೂ ಗುಳಿಗೆ ಬಾಯಿ ಬಿಟ್ಟಿತ್ತು.

ಕಾಫಿ ಹೂ ಅರಳಿಸುವ ಹೂಮಳೆ ಮುಗಿದು ಕಾಯಿ ಕಚ್ಚುವ ಹೊತ್ತಿಗೆ ಪುಟ್ಟರಾಜುವಿಗೆ ಕೈಗಳು ಗುರುತಾದವು. ಕತ್ತಿ ಏಟಿನ ಗಾಯವಿದ್ದ ಕೈ, ಉಂಗುರ ಬೆರಳಿಲ್ಲದ ಕೈ, ಬಳೆ ಸವೆದು ಗೆರೆ ಬಿದ್ದ ಕೈ. ಕೆಲವು ಕೈ ಮಾತ್ರ ಬೇರೆಯಾಗಿದ್ದವು. ಲಿಂಗ ಎಂದು ಕರೆದಾಗ ಬರುವ ಕೈ, ಇನ್ನೊಂದಿಷ್ಟು ಹೆಸರಿಗೆ ಬರುವ ಕೈಗಳು. ಎಲ್ಲ ಹಳ್ಳದೊಳಗಿನ ಕಲ್ಲಿನಷ್ಟು ತಣ್ಣಗೆ. ಚುಚ್ಚಿದರೆ ರಕ್ತ ಬೇಗ ಬರುತ್ತಿರಲಿಲ್ಲ, ಹಿಂಡಿ ಹಿಂಡಿ ತೆಗೆಯಬೇಕಿತ್ತು. ಆದರೆ ಒಂದು ಬೆರಳೂ ಸೂಜಿಗೆ ಬೆದರಿ ಹಿಂದೆ ಸರಿಯುತ್ತಿರಲಿಲ್ಲ. ಮುಂಜಾನೆ ಹಳ್ಳದಲ್ಲಿ ಕೈ ತೊಳೆದು ಬರುತ್ತಾರೆ, ಅದಕ್ಕೇ ಎಂದುಕೊಂಡ. ಹಾಗೆ ಅಂದುಕೊಳ್ಳುವುದು ಸುಲಭವಿತ್ತು.

ಜ್ವರ ತನ್ನ ಪಾಡಿಗೆ ಬಂತು. ಬಂದವರಿಗೆ ಡಾಕ್ಟರು ಕ್ವಿನೈನ್ ಕೊಟ್ಟು ಇಳಿಸುತ್ತಿದ್ದರು, ಅದರಲ್ಲಿ ಮೋಸವಿರಲಿಲ್ಲ. ಇಳಿಸಿ, ಮತ್ತೆ ಅದೇ ನೀಲಿ ಡಬ್ಬಿಯ ಸುಣ್ಣಕ್ಕೆ ಕೂರಿಸುತ್ತಿದ್ದರು. ಕಾಳಿ ಎಂಬ ಹೆಂಗಸಿನ ಎಂಟು ವರ್ಷದ ಮಗಳು ಚಿನ್ನ ಎರಡು ಸಲ ಮಲಗಿದಳು. ಎರಡನೆಯ ಸಲ ಎದ್ದಾಗ ಹೊಟ್ಟೆಯ ಎಡಗಡೆ ಗಡ್ಡೆಯ ಹಾಗೆ ಗಟ್ಟಿಯಾಗಿತ್ತು. ಮೂರನೆಯದು ಬಂದರೆ ಹೇಳಲಾಗದು ಎಂದು ಡಾಕ್ಟರೇ ಅಂದರು, ಅಂದು ಮುಖ ತಿರುಗಿಸಿದರು. ಕೆಂಪು ಡಬ್ಬಿಯಿಂದ ಒಂದು ಗುಳಿಗೆ ಜಾರಿಸಿದರೇನು ಎಂದು ಪುಟ್ಟರಾಜು ಎಷ್ಟೋ ಸಲ ಯೋಚಿಸಿದ್ದ. ಡಾಕ್ಟರು ದಿನಾ ಎಣಿಸಿ ಬೀಗ ಹಾಕುತ್ತಿದ್ದರು. ಅಲ್ಲದೆ ಚಿನ್ನಳೊಬ್ಬಳಿಗೆ ಜಾರಿಸಿದರೆ ಉಳಿದವರಿಗೆ?

ಹದಿನಾರು ವಾರ ಕಳೆದು, ಶ್ರಾವಣದ ಮೋಡ ಮರಗಳಿಂದ ಕೆಳಗಿಳಿದು ಗಿಡಗಳ ನಡುವೆ ನಡೆದಾಡುವ ದಿನಗಳಲ್ಲಿ ಡಾಕ್ಟರು ಲೆಕ್ಕ ಕೂಡಿಸಿದರು. ಮೇಲಿನ ಲೈನಿನಲ್ಲಿ ಎಂಬತ್ತೆರಡಕ್ಕೆ ಹದಿನೇಳು ಜ್ವರ. ಕೆಳಗಿನ ಲೈನಿನಲ್ಲಿ ಎಂಬತ್ತೆರಡಕ್ಕೆ ಇಪ್ಪತ್ತೈದು.

ಪೆನ್ಸಿಲ್ ಕೆಳಗಿಟ್ಟರು. "ಸಾಲದು ಪುಟ್ಟರಾಜು. ಮೂವತ್ಮೂರು ಬರಬೇಕಿತ್ತು. ಇಪ್ಪತ್ತೈದಕ್ಕೂ ಹದಿನೇಳಕ್ಕೂ ಇರೋ ಅಂತರ ಅದೃಷ್ಟದಿಂದಲೂ ಬರಬಹುದು. ಗುಳಿಗೆ ಕೆಲಸ ಮಾಡುತ್ತೆ ಅಂತ ನಾನು ಬರೆಯೋ ಹಾಗಿಲ್ಲ."

"ಈಗ್ಲಾದ್ರೂ ಎಲ್ರಿಗೂ ಕೆಂಪು ಡಬ್ಬಿ ಕೊಟ್ರೆ?"

"ರುಜುವಾತಾಗದೆ ಕಂಪನಿ ಒಂದು ಗುಳಿಗೇನೂ ಬಿಡಲ್ಲ. ಇಷ್ಟು ಸಣ್ಣ ಅಂತರಕ್ಕೆ ಒಂದೊಂದು ಕಡೆ ಮುನ್ನೂರರ ಮೇಲೆ ಬೇಕು. ಬಿಟ್ಟಂಗಾಲದವರೆಗೆ ಇರೋ ಎಸ್ಟೇಟುಗಳನ್ನ ಸೇರಿಸಿಕೊಂಡು ಇನ್ನೊಂದು ವರ್ಷ ಮಾಡೋಣ." ಸ್ಲೈಡುಗಳ ಪೆಟ್ಟಿಗೆಯನ್ನು ಬೆರಳಿನಿಂದ ತಟ್ಟಿದರು. "ವಿಚಿತ್ರ ಏನು ಗೊತ್ತಾ? ಕೆಳಗಿನ ಲೈನಿನಲ್ಲಿ ಹತ್ತೊಂಬತ್ತು ಜನರ ರಕ್ತ ಹದಿನಾರು ವಾರವೂ ನಿರ್ಮಲ. ಒಂದೇ ಒಂದು ಕ್ರಿಮಿ ಇಲ್ಲ. ಅಂಥ ರಕ್ತ ನಾನು ಮೈಸೂರಲ್ಲೂ ನೋಡಿಲ್ಲ."

ಮುನ್ನೂರು ಎಂದರೆ ಮುನ್ನೂರು ಜನಕ್ಕೆ ಸುಣ್ಣ, ಇನ್ನೊಂದು ವರ್ಷ. ಲೆಕ್ಕ ಈಗ ಕರಡಿಗುಂಡಿಯ ಬೇಲಿ ದಾಟಿ ಹೊರಟಿತ್ತು.

ಹತ್ತೊಂಬತ್ತು ಎಂಬ ಮಾತು ಪುಟ್ಟರಾಜುವಿನ ಕಿವಿಯಲ್ಲಿ ಉಳಿಯಿತು. ಅದೇ ಸಂಜೆ, ಇನ್ನೂ ಬೆಳಕಿರುವಾಗಲೇ, ಕೆಳಗಿನ ಲೈನಿಗೆ ಹೋದ. ಕಾಳಿಯ ಬಾಗಿಲಲ್ಲಿ ಹೊಗೆಯಿತ್ತು. ಒಳಗೆ ಚಿನ್ನ ಗೋಣಿಚೀಲ ಹೊದ್ದು ಮಲಗಿದ್ದಳು, ನಡುಗುತ್ತಿರಲಿಲ್ಲ.

"ಜ್ವರ ಇಲ್ಲ," ಎಂದಳು ಕಾಳಿ, ಅವನು ಕೇಳುವ ಮೊದಲೇ. "ಇವತ್ತಿಗೆ ಇಲ್ಲ."

"ನಿನ್ನ ಗಂಡ ಲಿಂಗ ಎಲ್ಲಿ? ಅವ್ನಿಗೆ ಒಂದ್ಸಲಾನೂ ಜ್ವರ ಬಂದಿಲ್ವಂತೆ. ಡಾಕ್ಟ್ರು ಹೊಗಳ್ತಿದ್ರು."

ಕಾಳಿ ಒಲೆಯ ಕಟ್ಟಿಗೆ ಹಿಂದಕ್ಕೆಳೆದಳು. ಪಕ್ಕದ ಕೋಣೆಯ ಗಂಗಮ್ಮ, ಲೈನಿಗೆಲ್ಲ ಹಿರಿಯಳು, ಬಾಗಿಲಿಗೆ ಬಂದು ನಿಂತಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇನ್ನು ಬರಲ್ಲ ಅಯ್ಯಾ ಅವ್ನಿಗೆ ಜ್ವರ," ಎಂದಳು ಕಾಳಿ. "ಹೋದ ವರ್ಷದ್ದೇ ಕೊನೇದು. ಕಾಫಿ ಪಿಕ್ಕಿಂಗ್ ಶುರುವಾಗೋ ಮುಂಚೆ ಹೋದ. ಆ ದಿಣ್ಣೆ ಮೇಲೆ ಇಟ್ಟಿದೀವಿ."

ಪುಟ್ಟರಾಜು ಬೋಜಪ್ಪ ಬರೆಸಿದ್ದ ಹೆಸರುಗಳ ಚೀಟಿಯನ್ನು ಕಿಸೆಯಿಂದ ತೆಗೆದು ಉಳಿದ ಹೆಸರುಗಳನ್ನು ಒಂದೊಂದಾಗಿ ಓದಿದ. ಗಂಗಮ್ಮ ಒಂದೊಂದಕ್ಕೂ ದಿಣ್ಣೆಯ ಕಡೆಗೆ ಗಲ್ಲ ಎತ್ತಿದಳು. ಹದಿನೆಂಟು ಸಲ ಎತ್ತಿದಳು.

"ಮತ್ತೆ ಹಾಜರಿ ಹೇಳ್ತಿದ್ದೋರು ಯಾರು?"

"ನಾವೇ," ಎಂದಳು ಗಂಗಮ್ಮ, ಇದೆಂಥ ಪ್ರಶ್ನೆ ಎಂಬಂತೆ. "ಹಾಜರೀಲಿ ಎರಡು ಹೆಸರಿಗೆ ಒಂದು ಕೋಣೆ. ಒಂದು ಹೆಸ್ರು ಹೊಡೆದ್ರೆ ಕೋಣೆ ಕಿತ್ಕೊಂಡು ಎಲ್ಲಿಗೋ ತುರುಕ್ತಾರೆ. ಅದೊಂದು. ಇನ್ನೊಂದು ನಮ್ಮ ಲೈನಿನ ಪದ್ಧತಿ. ಸತ್ತೋರ ಹೆಸ್ರನ್ನ ಯಾರಾದ್ರೂ ಕೂಗಿದ್ರೆ ಅದು ಗಾಳೀಲಿ ನಿಲ್ಲಬಾರ್ದು. ಯಾರಾದ್ರೂ ಓಗೊಡ್ಬೇಕು. ಓಗೊಡದಿದ್ರೆ, ಕರೆದ್ರಲ್ಲ ಅಂತ ಅವ್ರೇ ಎದ್ದು ಬರ್ತಾರೆ."

"ಸರಿ. ಬಾಯಲ್ಲಿ ಹೇಳಿದ್ರಿ. ಅವ್ರ ಹೆಸರಲ್ಲಿ ಬೆರಳು ಕೊಟ್ಟೋರು ಯಾರು?"

ಕಾಳಿ ತನ್ನ ಎಡಗೈ ಚಾಚಿ ತೋರಿಸಿದಳು. ಉಂಗುರ ಬೆರಳಿನ ತುದಿಯಲ್ಲಿ ಚುಚ್ಚಿದ ಗುರುತುಗಳು, ಸಾಲಾಗಿ, ಅವಳ ಹೆಸರಿನ ಲೆಕ್ಕದವು ಮಾತ್ರ.

"ದನಿ ಕೊಟ್ಟಿದ್ದು ನಾವು ಅಯ್ಯಾ. ಕೈ ಕೊಟ್ಟಿದ್ದು ನಾವಲ್ಲ. ಎರಡನೇ ಸಲ ಚುಚ್ಚಿಸ್ಕೊಳ್ಳೋಕೆ ಯಾರಿಗೆ ಬೇಕು? ಕೈ ಬರದಿದ್ರೆ ಗುಳಿಗೆ ಪರದೆ ಹತ್ರಾನೇ ಇಟ್ಟಿರ್ತೀರಿ ಅಂತ ನಾವು ತಿಳ್ಕೊಂಡಿದ್ವಿ."

ಪುಟ್ಟರಾಜು ತನ್ನ ಹೆಬ್ಬೆರಳು, ತೋರುಬೆರಳನ್ನು ನೋಡಿಕೊಂಡ. ಆ ಹತ್ತೊಂಬತ್ತು ಬೆರಳುಗಳನ್ನು ಹದಿನಾರು ವಾರ ಹಿಂಡಿದ್ದು ಇವೇ.

ಮೇಲೆ ಹತ್ತುವಾಗ ದಾರಿಯಲ್ಲಿ ಬೋಜಪ್ಪ ಸಿಕ್ಕಿದ. "ನಿಂಗೆ ಗೊತ್ತಿತ್ತಾ?" ಎಂದು ಪುಟ್ಟರಾಜು ಕೇಳಿದ.

"ನಂಗೆ ಗೊತ್ತಿಲ್ಲದೆ ಎಂಥ?" ಬೋಜಪ್ಪ ಬೀಡಿ ಹಚ್ಚಿದ. "ಒಂದೇ ವರ್ಷದಲ್ಲಿ ಹತ್ತೊಂಬತ್ತು ಹೆಸ್ರು ಹೊಡೆದ್ರೆ ಮಡಿಕೇರಿಯಿಂದ ಯಾರಾದ್ರೂ ಕೇಳ್ಕೊಂಡು ಬರ್ತಾರೆ. ದೊರೆ ಹೊಡೀಬೇಡ ಅಂದ. ನಾನು ಹೊಡೀಲಿಲ್ಲ. ಅವ್ರಿಗೆ ಕೋಣೆ ಉಳೀತು, ಇವ್ನಿಗೆ ಮಾನ ಉಳೀತು, ನಿಂಗೆ ಎಂಬತ್ತೆರಡು ತುಂಬ್ತು. ಈಗ ಯಾರಿಗೆ ನೋವಾಯ್ತು ಮಾರಾಯ?"

ಯಾರಿಗೆ ನೋವಾಯಿತೆಂದು ಹೇಳಲು ಪುಟ್ಟರಾಜುವಿಗೆ ಲೆಕ್ಕವೇ ಸಾಕಾಗಿತ್ತು. ಸತ್ತವರಿಗೆ ಜ್ವರ ಬರುವುದಿಲ್ಲ. ಇಪ್ಪತ್ತೈದು ಜ್ವರ ಬಂದದ್ದು ಎಂಬತ್ತೆರಡರಲ್ಲಿ ಅಲ್ಲ, ಬದುಕಿರುವ ಅರವತ್ತಮೂರರಲ್ಲಿ. ಅಂದರೆ ನೂರಕ್ಕೆ ನಲವತ್ತೇ. ಮೇಲಿನ ಲೈನಿನಲ್ಲಿ ನೂರಕ್ಕೆ ಇಪ್ಪತ್ತು. ಡಾಕ್ಟರ ಅಂದಾಜು ಕೂದಲೆಳೆ ತಪ್ಪಿರಲಿಲ್ಲ. ಗುಳಿಗೆ ಕೆಲಸ ಮಾಡುತ್ತಿತ್ತು. ಎಸ್ಟೇಟು ಸಾಯಗೊಡದ ಹತ್ತೊಂಬತ್ತು ಮಂದಿ ಸುಣ್ಣದ ಪಕ್ಕ ನಿಂತು, ಸುಣ್ಣವನ್ನೇ ಮದ್ದು ಮಾಡಿ ತೋರಿಸಿದ್ದರು.

ಡಾಕ್ಟರು ಎಲ್ಲ ಕೇಳಿಸಿಕೊಂಡರು. ಆಮೇಲೆ ಪೆಟ್ಟಿಗೆಯಿಂದ ಒಂದು ಸ್ಲೈಡು ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟು, "ನೋಡು," ಎಂದರು.

ಪುಟ್ಟರಾಜು ಕಣ್ಣಿಟ್ಟ. ದುಂಡನೆಯ ಕೆಂಪು ಕಣಗಳು, ಬಿಡಿಸಿಟ್ಟ ಹಾಗೆ, ಒಂದಕ್ಕೊಂದು ತಾಗದೆ. ಚೀಟಿಯ ಮೇಲೆ ಅವನದೇ ಅಕ್ಷರ: ಲಿಂಗ.

"ಸತ್ತವರು ರಕ್ತ ಕೊಡಲ್ಲ," ಎಂದರು ಡಾಕ್ಟರು. "ಆ ಮಗು ಮೇಲೆ ನಿನಗೆ ಕನಿಕರ. ನನಗೂ ಇದೆ. ಆದ್ರೆ ಕನಿಕರಕ್ಕೋಸ್ಕರ ರಕ್ತ ಇರೋ ಹತ್ತೊಂಬತ್ತು ಜನರನ್ನ ಅಳಿಸಿಬಿಟ್ರೆ, ನಾಳೆ ಬೇಕಾದವರನ್ನ ಅಳಿಸಿ ಬೇಕಾದ ಉತ್ತರ ಬರೆಸ್ಕೋಬಹುದು."

"ಕರೆದು ನೋಡಿ ಸಾರ್. ಪರದೆ ತೆಗೆದು, ನಿಮ್ಮ ಕಣ್ಣ ಮುಂದೆ."

ಡಾಕ್ಟರು ಸ್ಲೈಡನ್ನು ಪೆಟ್ಟಿಗೆಗೆ ಹಾಕಿದರು. "ಸರಿ. ನಾಳೆ ಬೆಳಿಗ್ಗೆ ಕರಿ. ಯಾರೂ ಓಗೊಡದ ಹೆಸರನ್ನ ಹೊಡೆದುಹಾಕ್ತೀನಿ. ಆದ್ರೆ ಒಂದು ಮಾತು. ಸುಳ್ಳು ಹೆಸರು ತುಂಬಿದವನು ನೀನೇ ಅಂತ ನಾನು ಬರೀಲೇಬೇಕಾಗುತ್ತೆ."

"ಬರೀರಿ."

ಮತ್ತೆ ಇಳಿದು ಹೋದ. ಲೈನಿನವರನ್ನೆಲ್ಲ ಗಂಗಮ್ಮನ ಬಾಗಿಲಿಗೆ ಸೇರಿಸಿ, ನಾಳೆ ಆ ಹತ್ತೊಂಬತ್ತು ಹೆಸರಿಗೆ ಯಾರೂ ಓಗೊಡಬೇಡಿ ಎಂದ. ಯಾಕೆಂದೂ ಹೇಳಿದ. ಎಂಬತ್ತೆರಡು, ಅರವತ್ತಮೂರು, ಇಪ್ಪತ್ತೈದು. ಈ ಜನಕ್ಕೆ ಲೆಕ್ಕ ತಿಳಿಯದು ಎಂದು ಎಲ್ಲರೂ ಅಂದುಕೊಂಡಿದ್ದರು. ಅವರಿಗೆ ಅರೆಗಳಿಗೆಯಲ್ಲಿ ತಿಳಿಯಿತು. ಸುಣ್ಣ ನುಂಗಿದವರು ಅವರು ತಾನೆ.

"ಕೋಣೆ ಹೋಗುತ್ತೆ," ಎಂದ ಒಬ್ಬ.

"ಹೋಗುತ್ತೆ," ಎಂದ ಪುಟ್ಟರಾಜು. ಸುಳ್ಳು ಹೇಳಲಿಲ್ಲ.

"ಕೋಣೆ ಹೋದ್ರೆ ಇನ್ನೊಬ್ರ ಕೋಣೇಲಿ ಒತ್ಕೊಂಡು ಮಲಗ್ಬೋದು," ಎಂದಳು ಕಾಳಿ ನಿಧಾನಕ್ಕೆ. "ಅವ್ರು ಎದ್ದು ಬಂದ್ರೆ? ಕೂಗ್ತೀರಿ, ಯಾರೂ ಓಗೊಡಲ್ಲ. ಎದ್ದು ಬಂದೋರು ಎಲ್ಲಿಗೆ ಹೋಗ್ಬೇಕು? ಯಾರ ಮಗೂನ ತಬ್ಕೊಬೇಕು? ನನ್ನ ಚಿನ್ನನಾ?"

ಪುಟ್ಟರಾಜುವಿಗೆ ದೆವ್ವ ಭೂತದಲ್ಲಿ ನಂಬಿಕೆ ಇತ್ತೆಂದಲ್ಲ, ಇರಲಿಲ್ಲವೆಂದೂ ಅಲ್ಲ. ತಣ್ಣನೆಯ ಬೆರಳುಗಳನ್ನು ಮುಟ್ಟಿದವನಾಗಿದ್ದ.

"ಕರೆಯೋನು ನಾನು," ಎಂದ. "ಕರೆದೋನ ಹತ್ರ ಬರ್ಲಿ."

ಗಂಗಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಹತ್ತೊಂಬತ್ತು ಮಂದಿ ಕಣಪ್ಪ," ಎಂದಳು. "ತಡ್ಕೋತೀಯಾ?"

ಬೆಳಿಗ್ಗೆ ಮಂಜು ಡಿಸ್ಪೆನ್ಸರಿಯ ಜಗಲಿಯವರೆಗೂ ಬಂದಿತ್ತು. ಗೋಣಿ ಪರದೆ ಬಿಚ್ಚಿ ಹಾಕಿದ್ದರು. ಅಂಗಳದಲ್ಲಿ ಕೆಳಗಿನ ಲೈನಿನ ಅರವತ್ತಮೂರು ಮಂದಿ. ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಡಾಕ್ಟರು, ಪಕ್ಕದಲ್ಲಿ ಪುಸ್ತಕ ಹಿಡಿದ ಬೋಜಪ್ಪ. ಪುಟ್ಟರಾಜು ಅಂಗಳದ ಕಡೆಗೆ ಮುಖ ಮಾಡಿ ನಿಂತ. ಅವನ ಬೆನ್ನ ಹಿಂದೆ ಡಿಸ್ಪೆನ್ಸರಿಯ ಖಾಲಿ ಕೋಣೆ, ತೆರೆದ ಬಾಗಿಲು.

ಮೊದಲು ಬದುಕಿರುವವರನ್ನು ಕರೆದ. ಒಬ್ಬೊಬ್ಬರೂ ಓಗೊಟ್ಟರು. ಆಮೇಲೆ ಕರೆದ:

"ಲಿಂಗ."

ಕಾಳಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಇನ್ನೊಂದು ಕೈಯಲ್ಲಿ ಚಿನ್ನಳ ಬಾಯಿ ಮುಚ್ಚಿದ್ದಳು. ಹೆಸರು ಅಂಗಳದ ಮೇಲೆ ನಿಂತಿತು. ನಿಂತದ್ದು ಪುಟ್ಟರಾಜುವಿಗೆ ಕಂಡಿತೆಂದೇ ಹೇಳಬೇಕು. ಮಂಜಿನಲ್ಲಿ ಒಂದು ಜಾಗ ಉಳಿದದ್ದಕ್ಕಿಂತ ದಟ್ಟವಾಯಿತು, ಆಮೇಲೆ ಬಿಟ್ಟುಕೊಂಡಿತು. ಅವನ ಹಿಂದೆ ಕೋಣೆಯೊಳಗಿನ ಹಲಗೆ ಒಮ್ಮೆ ಕಿರ್ರೆಂದಿತು. ಕೊಳೆತ ಎಲೆಯ ತಣ್ಣನೆಯ ವಾಸನೆ ಬಲಭುಜದ ಹತ್ತಿರ ಬಂದು ನಿಂತಿತು.

"ಹಾಜರಿಲ್ಲ," ಎಂದು ಡಾಕ್ಟರು ಗೆರೆ ಹೊಡೆದರು.

ಎರಡನೆಯ ಹೆಸರು. ಹಲಗೆ ಮತ್ತೆ ಕಿರ್ರೆಂದಿತು. ಮೂರನೆಯದು. ನಾಲ್ಕನೆಯದಕ್ಕೆ ಡಾಕ್ಟರು ತಲೆಯೆತ್ತಿ ಪುಟ್ಟರಾಜುವಿನ ಹಿಂದೆ ನೋಡಿದರು. ಕೋಟಿನ ಗುಂಡಿ ಹಾಕಿಕೊಂಡರು. ಏಳನೆಯದಕ್ಕೆ ಬೋಜಪ್ಪ ಕುರ್ಚಿಯ ಈ ಕಡೆಯಿಂದ ಆ ಕಡೆಗೆ ಹೋಗಿ ನಿಂತ. ಅಂಗಳದಲ್ಲಿ ಅರವತ್ತಮೂರು ಜನ ಹಲ್ಲು ಕಚ್ಚಿ ನಿಂತಿದ್ದರು. ಅಪ್ಪನ ಹೆಸರಿಗೆ, ಅಕ್ಕನ ಹೆಸರಿಗೆ, ಹೆತ್ತ ಮಕ್ಕಳ ಹೆಸರಿಗೆ ಓಗೊಡದೆ ನಿಂತಿದ್ದರು. ಇಷ್ಟು ದೊಡ್ಡ ಮೌನವನ್ನು ಆ ಎಸ್ಟೇಟು ಎಂದೂ ಕೇಳಿರಲಿಲ್ಲ. ಹತ್ತೊಂಬತ್ತನ್ನೂ ಕರೆದು ಮುಗಿಸಿದಾಗ ಪುಟ್ಟರಾಜುವಿನ ಬೆನ್ನಿಗೆ ಅಂಟಿದ ಅಂಗಿ ಒದ್ದೆಯಾಗಿತ್ತು. ತಿರುಗಿ ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ, ಉಸಿರಿಲ್ಲದವರು ಅಷ್ಟು ಹತ್ತಿರ ನಿಂತಿದ್ದರೆ ಗೊತ್ತಾಗುತ್ತದೆ.

"ಅರವತ್ತಮೂರಕ್ಕೆ ಇಪ್ಪತ್ತೈದು," ಎಂದರು ಡಾಕ್ಟರು ಕೊನೆಗೆ. "ಎಂಬತ್ತೆರಡಕ್ಕೆ ಹದಿನೇಳು. ಸಾಕು. ಇದು ಅದೃಷ್ಟ ಅಲ್ಲ."

ಕೆಂಪು ಡಬ್ಬಿಯ ಬೀಗ ತೆಗೆದು ಕೆಳಗಿನ ಲೈನಿಗೆ ಹಂಚಲು ಹೇಳಿದರು. ಚಿನ್ನ ಗುಳಿಗೆ ನಾಲಿಗೆ ಮೇಲಿಟ್ಟುಕೊಂಡು ಮುಖ ಕಿವುಚಿದಳು, ಉಗುಳಲು ಹೋದಳು. ಕಾಳಿ ಅವಳ ಗಲ್ಲ ಎತ್ತಿ ಹಿಡಿದು, ಆ ಕಹಿ ಗಂಟಲಲ್ಲಿ ಇಳಿಯುವವರೆಗೂ ಬಿಡಲಿಲ್ಲ.

ಡಾಕ್ಟರ ವರದಿ ಆಮೇಲೆ ಅಚ್ಚಾಯಿತು. ನೀಲಿ ಗುಂಪಿನ ಹತ್ತೊಂಬತ್ತು ಮಂದಿಯನ್ನು ಹಾಜರಾಗದ ಕಾರಣ ಕೈಬಿಡಲಾಗಿದೆ ಎಂದು ಅದರಲ್ಲಿ ಒಂದು ಸಾಲಿತ್ತು. ಯಾಕೆ ಹಾಜರಾಗಲಿಲ್ಲ ಎಂದಿರಲಿಲ್ಲ. ಸಾವು ಎಷ್ಟು ಎಂಬ ಜಾಗದಲ್ಲಿ ಸೊನ್ನೆ ಇತ್ತು. ಆ ಸೊನ್ನೆಯೊಳಗೆ ಒಂದು ಇಡೀ ದಿಣ್ಣೆ ಹಿಡಿಸಿತು.

ಕೋಣೆಗಳು ಮಾತ್ರ ಅಚ್ಚಿಗೆ ಕಾಯಲಿಲ್ಲ. ಮೂರೇ ದಿನದಲ್ಲಿ ದೊರೆ ಏಳು ಕೋಣೆ ಖಾಲಿ ಮಾಡಿಸಿದ. ಕಾಳಿಯೂ ಚಿನ್ನಳೂ ಗಂಗಮ್ಮನ ಒಲೆಯ ಪಕ್ಕಕ್ಕೆ ಬಂದರು. ಪುಟ್ಟರಾಜುವಿಗೆ ತಿಂಗಳ ಕೊನೆಗೆ ಜಾಗ ಬಿಡುವಂತೆ ಚೀಟಿ ಬಂತು. ಸುಳ್ಳು ಹೆಸರು ತುಂಬಿದ ಅಪರಾಧ. ಹೆಸರು ಸುಳ್ಳಲ್ಲ ಎಂದು ಅವನು ವಾದಿಸಲಿಲ್ಲ.

ಅವನಿಗೆ ಬೇರೆ ಕೆಲಸವಿತ್ತು. ಕರೆದಾಗ ಎದ್ದು ಬಂದವರು ಹೋಗಿರಲಿಲ್ಲ. ಬೆಳಿಗ್ಗೆ ಡಿಸ್ಪೆನ್ಸರಿ ಬಾಗಿಲು ತೆರೆದರೆ ಕಿಟಕಿಯ ಕೆಳಗಿನ ಹಲಗೆ ಒದ್ದೆ, ಬೆರಳಿಟ್ಟ ಹಾಗೆ ಸಾಲಾಗಿ ಹತ್ತೊಂಬತ್ತು ಒದ್ದೆ ಚುಕ್ಕಿ. ಮೊದಲ ದಿನ ಒರೆಸಿದ. ಎರಡನೆಯ ದಿನವೂ ಒರೆಸಿದ. ಮೂರನೆಯ ದಿನ ಒರೆಸದೆ, ಜಗಲಿಗೆ ಬಂದು, ಮಂಜಿನ ಕಡೆಗೆ ಮುಖ ಮಾಡಿ, ಹೆಸರುಗಳನ್ನು ಮೊದಲಿನಿಂದ ಕರೆಯತೊಡಗಿದ. ಒಂದೊಂದು ಹೆಸರು ಕರೆದು, ತುಸು ತಡೆದು, ತಾನೇ 'ಇದ್ದೀನಿ' ಎನ್ನುತ್ತಿದ್ದ. ಕರೆದ ಸಾಲ ಅವನದಾಗಿತ್ತು. ಓಗೊಟ್ಟಾಗ ಒಂದೊಂದು ಚುಕ್ಕಿ ಆರುತ್ತಿತ್ತು. ಹತ್ತೊಂಬತ್ತು ಮುಗಿಯುವ ಹೊತ್ತಿಗೆ ಹಲಗೆ ಒಣಗಿ, ಅವನ ಬೆರಳುಗಳು ಹಳ್ಳದ ಕಲ್ಲಿನಷ್ಟು ತಣ್ಣಗಾಗಿರುತ್ತಿದ್ದವು. ಮಾರನೆಯ ಬೆಳಿಗ್ಗೆ ಮತ್ತೆ ಒದ್ದೆ.

"ಕಾಂಪೌಂಡರಿಗೆ ತಲೆ ಕೆಟ್ಟಿದೆ," ಎಂದು ಬೋಜಪ್ಪ ದೊರೆಗೆ ಹೇಳಿದ. ಹೇಳಿದವನು ಡಿಸ್ಪೆನ್ಸರಿಯ ಕಡೆ ಮಾತ್ರ ಸುಳಿಯಲಿಲ್ಲ.

ತಿಂಗಳ ಕೊನೆಯ ವಾರ. ಪುಟ್ಟರಾಜು ಜಗಲಿಗೆ ಬಂದು ನಿಂತ. ಕೈ ತಣ್ಣಗಾಗುವುದು ಈಗ ಮೊಣಕೈ ದಾಟಿತ್ತು. ಬಾಯಿ ತೆರೆದ.

"ಲಿಂಗ."

"ಇದ್ದೀನಿ."

ದನಿ ಅವನದಲ್ಲ. ಅಂಗಳದ ಮೆಟ್ಟಿಲ ಹತ್ತಿರ ಕಾಳಿ ನಿಂತಿದ್ದಳು, ಕೆಲಸದ ಬುಟ್ಟಿ ಸೊಂಟದಲ್ಲಿ, ಚಿನ್ನ ಪಕ್ಕದಲ್ಲಿ. ಮೆಟ್ಟಿಲು ಹತ್ತಿ ಬಂದು ಅವನ ಪಕ್ಕ ನಿಂತಳು. ಒಂದು ಚುಕ್ಕಿ ಆರಿದ್ದನ್ನು ನೋಡಿದಳು.

"ಇವ್ನು ನನ್ನೋನು," ಎಂದಳು. "ನಿಂಗೆ ಹದಿನೆಂಟು ಸಾಕು."

ಪುಟ್ಟರಾಜು ಮುಂದಿನ ಹೆಸರು ಕರೆದ.